ಹಾಲೊರತೆಯ ಮೊದಲ ಲೋಟ

ಗಂಗಾನಗರ, ಬೆಂಗಳೂರು
27 ಜನವರಿ 2026

ಅಮ್ರೀನ್,

ನೀನು ಹೊರಟು ಎರಡು ದಿನವಾಗಿಲ್ಲ, ಪತ್ರ ಬರೆಯಲು ಕೂತಿದ್ದೇನೆ. ನಗಬೇಡ. ನನ್ನ ಕಿವಿಗೆ ಫೋನು ಅಂದರೆ ಬರೀ ಶಿಳ್ಳೆ, ಆ ತುಂಬೆದೊಡ್ಡಿಯಲ್ಲಿ ಸಿಗ್ನಲ್ಲೇ ಇಲ್ಲ. ಕಿವುಡಿಗೂ ಕಾಡಿಗೂ ಕಾಗದವೇ ಗತಿ. ನಿಮ್ಮಣ್ಣ ಸಾಕಿಬ್ ಯಶವಂತಪುರದ ಮಂಡಿಗೆ ಹುಣಸೆಹಣ್ಣು ತರಲು ಲಾರಿ ತೆಗೆದುಕೊಂಡು ಆ ಬೆಟ್ಟಕ್ಕೆ ಹೋಗಿಬರುತ್ತಿರುವಷ್ಟು ದಿನ ನಮಗೆ ಪೋಸ್ಟಿನ ಚಿಂತೆಯಿಲ್ಲ. ಅವನ ಬಾಯಿಂದ ಎರಡು ಮಾತು ಬರಬೇಕಾದರೆ ಡೀಸೆಲ್ ಹಾಕಬೇಕು, ನಿಜ. ಆದರೆ ಕೊಟ್ಟ ಕಾಗದ ಕಳೆಯುವವನಲ್ಲ.

ಬೆಳಗ್ಗೆ ನಿನ್ನ ಅಮ್ಮ ಮಲ್ಕಾ ಕಾಂಪೌಂಡಿನ ಮೇಲಿಂದ ಪರಾಟ ಕೊಟ್ಟು, "ಹುಡ್ಗಿ ಅಲ್ಲಿ ಚಳೀಲಿ ಏನಾದ್ರೂ ಆದ್ರೆ ನೀವೇ ಜವಾಬ್ದಾರಿ ಕಣ್ರೀ ಮಿಸ್, ನಿಮ್ಮೂರಲ್ವಾ?" ಅಂದಳು. ತುಟಿ ನೋಡಿ ಅರ್ಥಮಾಡಿಕೊಂಡೆ. ನನ್ನೂರು ಹೌದು, ಇಲ್ಲ ಅನ್ನಲೇ? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಬೆಟ್ಟದ ನಾಟಿ ದನ ನೋಡಿಕೊಂಡು ಬಾ ಅಂತ ನಿನ್ನನ್ನು ಕಳಿಸುವಾಗ ಇಷ್ಟು ಊರುಗಳಿದ್ದೂ ಅದೇ ಊರು ಬರಬೇಕೆ! ಇಳಿದುಕೊಳ್ಳಲು ನನ್ನ ಅಣ್ಣ ಲಕ್ಕಣ್ಣನ ಮನೆಯೇ ಸಿಗಬೇಕೆ! ವಿಧಿಗೂ ನನ್ನಷ್ಟೇ ತಲೆಹರಟೆ.

ಹೊರಡುವಾಗ ಹೇಳಿದ್ದು ನೆನಪಿದೆಯಲ್ಲ? ನಾನು ನಿನಗೆ ಗೊತ್ತು ಅಂತ ಅಲ್ಲಿ ಬಾಯಿಬಿಡಬೇಡ. ಮನೆಯ ಹಿಂದಿನ ಹಾಲೊರತೆಯಲ್ಲಿ ನೀರು ಇನ್ನೂ ಬರುತ್ತಿದೆಯೇ ನೋಡು. ಹತ್ತಿರ ಹೋಗುವಾಗ ಚಪ್ಪಲಿಯನ್ನು ಹುಣಸೆಮರದ ಕೆಳಗೇ ಬಿಟ್ಟು ಹೋಗು. ಅದು ನಮ್ಮ ಪದ್ಧತಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಪ್ಪಿದರೆ ಮಾತ್ರ ಊರೆಲ್ಲ ನೋಡುತ್ತದೆ.

ಇನ್ನೊಂದು. ಅವರು ಯಾವತ್ತಾದರೂ ನನ್ನ ಹೆಸರು ಎತ್ತುತ್ತಾರಾ, ಕೇಳಿಸಿಕೊ. ನನಗೇನೂ ಆಗಬೇಕಾಗಿಲ್ಲ. ಸುಮ್ಮನೆ ಕೇಳಿದೆ.

ಇತಿ,
ಸರಳಾ ಮಿಸ್

ಪತ್ರದಲ್ಲಿ 'ಓಕೆ ಮಿಸ್' ಅಂತ ಬರೆದರೆ ಕೆಂಪು ಇಂಕಿನಲ್ಲಿ ಹೊಡೆದು ವಾಪಸ್ ಕಳಿಸುತ್ತೇನೆ. ರಿಟೈರಾದರೂ ನಾನು ಕನ್ನಡ ಟೀಚರ್ರೇ.

---

ತುಂಬೆದೊಡ್ಡಿ
31 ಜನವರಿ 2026

ಸರಳಾ ಮಿಸ್‌ಗೆ ಅಮ್ರೀನ್ ಮಾಡುವ ಸಲಾಮುಗಳು.

ಬಸ್ಸು ಬಿಟ್ಟಮೇಲೆ ಜೀಪು, ಜೀಪು ಬಿಟ್ಟಮೇಲೆ ನನ್ನ ಕಾಲು. "ಸ್ವಲ್ಪ ಏರು" ಅಂದಿದ್ದಿರಿ. ಮಿಸ್, ಅದು ಸ್ವಲ್ಪವಲ್ಲ. ಸಾಕಿಬ್ ಭಾಯ್ ಲಾರಿಯಲ್ಲಿ ಬಂದಿದ್ದರೆ ಹುಣಸೆಹಣ್ಣು ತೂಗುವ ಬಯಲಿನ ತನಕ ಕೂತೇ ಬರಬಹುದಿತ್ತಂತೆ, ಬಂದಮೇಲೆ ಗೊತ್ತಾಯಿತು.

ದೊಡ್ಡಿ ಅಂದರೆ ದನ ಕೂಡುವ ಜಾಗ ಅಂತ ನೀವು ಹೇಳಿದ್ದು ಈಗ ಅರ್ಥವಾಯಿತು. ಇಲ್ಲಿ ಊರೇ ದನದ್ದು. ಜನ ಅದರ ಅಂಚಿನಲ್ಲಿ ಬಾಡಿಗೆಗೆ ಇದ್ದ ಹಾಗಿದ್ದಾರೆ. ನಡುವೆ ದೊಡ್ಡ ಮುಳ್ಳುಬೇಲಿ, ಒಳಗೆ ಕೆಂಪು ಮೈಯ ಮೇಲೆ ಬಿಳಿ ಮಚ್ಚೆಯ ದನಗಳು, ಸುತ್ತ ಮನೆಗಳು. ಸಂಜೆ ಮೊದಲು ಮರದ ಗಂಟೆಗಳ ಸದ್ದು ಬರುತ್ತದೆ, ಆಮೇಲೆ ಧೂಳು, ಆಮೇಲೆ ದನ, ಕೊನೆಗೆ ಲಕ್ಕಣ್ಣನವರು. ಬಲಗಾಲು ಎಳೆಯುತ್ತಾರೆ, ಕೋಲು ಊರುತ್ತಾರೆ. ಆ ಕೋಲನ್ನು ಒಂದು ದನಕ್ಕೂ ತಾಗಿಸುವುದಿಲ್ಲ, ಬೈಯುತ್ತಾರೆ ಅಷ್ಟೆ. ಆ ಬೈಗುಳ ಕೇಳಿದರೆ ನಿಮ್ಮ ಮನೆಯವರೇ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ನಿಮ್ಮ ಅತ್ತಿಗೆ ಪುಟ್ಟತಾಯಮ್ಮ ಮೊದಲ ದಿನವೇ, "ಏನ್ ತಿಂದೀಯವ್ವ?" ಅಂತ ಕೇಳಿದರು. "ಎಲ್ಲಾ ತಿಂತೀನಿ" ಅಂದೆ. "ಅಂಗಾರೆ ಮುದ್ದೆ ನುಂಗು" ಅಂದರು. ಗಂಗಾನಗರದಲ್ಲಿ ಹುಟ್ಟಿ ಬೆಳೆದವಳು ನಾನು, ಮುದ್ದೆಯನ್ನು ಅಗಿದೆ. ಸಂಜೆಯೊಳಗೆ ಇಡೀ ದೊಡ್ಡಿಗೆ ಸುದ್ದಿ. ಈಗ ಮಕ್ಕಳೆಲ್ಲ ನನ್ನನ್ನು ನೋಡಿದರೆ ಅಗಿದು ತೋರಿಸುತ್ತವೆ.

ಹಾಲೊರತೆ ತುಂಬಿದೆ. ಬಂಡೆಯ ಸೀಳಿನಿಂದ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ. ನೀರು ಚೆನ್ನಾಗಿದೆ.

ನಿಮ್ಮ ಪತ್ರವನ್ನು ಲಾರಿಯಿಂದ ಲಕ್ಕಣ್ಣನವರೇ ತಂದುಕೊಟ್ಟರು. ಕವರನ್ನು ಹಿಂದೆ ಮುಂದೆ ತಿರುಗಿಸಿ, "ನಿಮ್ಮೋರಾ?" ಅಂದರು. "ನಮ್ಮ ಮಿಸ್ಸು" ಅಂದೆ. "ಊಂ" ಅಂದು ದನದ ಕಡೆ ಹೋದರು. ಹೆಸರಂತೂ ಇನ್ನೂ ಯಾರೂ ಎತ್ತಿಲ್ಲ ಮಿಸ್. ಬಂದು ಇನ್ನೂ ವಾರವೂ ಆಗಿಲ್ಲ, ನೋಡೋಣ.

ನಿಮ್ಮ
ಅಮ್ರೀನ್

---

ಗಂಗಾನಗರ
6 ಫೆಬ್ರವರಿ 2026

ಅಮ್ರೀನ್,

ದನದ ಮೇಲೆ ಪುಟಗಟ್ಟಲೆ, ನೀರಿನ ಮೇಲೆ ಎರಡೇ ಪದ. 'ಚೆನ್ನಾಗಿದೆ' ಅಂದರೇನು? ಐದನೇ ಕ್ಲಾಸಿನ ಪ್ರಬಂಧದಲ್ಲಿ ಹೀಗೆ ಬರೆದಿದ್ದರೆ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ರುಚಿ ಬರಿ. ಹಲ್ಲಿಗೆ ಹೇಗೆ, ಗಂಟಲಿಗೆ ಹೇಗೆ, ಕುಡಿದಾದಮೇಲೆ ಬಾಯಲ್ಲಿ ಏನು ಉಳಿಯುತ್ತದೆ. ನಾನು ಹೇಳಿಕೊಡುವುದಿಲ್ಲ, ನೀನೇ ಬರಿ. ನಾನಿಲ್ಲಿ ಕ್ಯಾನ್ ನೀರು ಕುಡಿದುಕೊಂಡು ಬಿದ್ದಿದ್ದೇನೆ. ಅದಕ್ಕೆ ರುಚಿಯೂ ಇಲ್ಲ, ಊರೂ ಇಲ್ಲ.

ನಿನಗೆ ಅರ್ಧ ಕಥೆ ಹೇಳಿ ಕಳಿಸಿದ್ದೆ. ಉಳಿದರ್ಧ ಕೇಳು. ಅವ್ವನಿಗೆ ಎದೆನೋವು ಬಂದಾಗ ನಾನು ಕಾರು ಮಾಡಿಕೊಂಡು ಊರಿಗೆ ಹೋದೆ, ಬೆಂಗಳೂರಿನ ಆಸ್ಪತ್ರೆಗೆ ಕರೆತರೋಣ ಅಂತ. ಅವ್ವ, "ಈ ನೀರು ಬುಟ್ಟು ಬರಾಕಿಲ್ಲ" ಅಂತ ಹಟ ಹಿಡಿದಳು. ಅಣ್ಣ, "ಅವ್ವ ಬ್ಯಾಡ ಅಂದಮ್ಯಾಲೆ ಬ್ಯಾಡ" ಅಂದುಬಿಟ್ಟ. ತಿಂಗಳು ತುಂಬುವುದರೊಳಗೆ ಅವ್ವ ಹೋದಳು. ತಿಥಿಯ ದಿನ ಹಾಲೊರತೆಯ ಮುಂದೆ ನಿಂತು, ಊರೆಲ್ಲ ಕೇಳುವ ಹಾಗೆ, "ಈ ನೀರು ನಮ್ಮವ್ವನ್ನ ತಿಂತು, ಇನ್ಮ್ಯಾಲೆ ನಾನಿದ ಮುಟ್ಟಾಕಿಲ್ಲ" ಅಂದು ಬಂದುಬಿಟ್ಟೆ.

ಅಣ್ಣ ತಡೆಯಲಿಲ್ಲ. ಅದು ಹೋಗಲಿ, ಸಿಟ್ಟಿನ ಹೊತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಲ "ಬಾ" ಅಂತ ಹೇಳಿಕಳಿಸಲಿಲ್ಲವಲ್ಲ! ಒಂದು ಕಾಗದವಿಲ್ಲ, ಊರಿನವರು ಮಂಡಿಗೆ ಬಂದರೆ ಅವರ ಕೈಲಿ ಒಂದು ಮಾತಿಲ್ಲ. ಅವನು ಒಂದು ಸಲ ಕರೆದಿದ್ದರೆ ನಾನು ಮಾತು ಮುರಿದು ಓಡಿಹೋಗುತ್ತಿದ್ದೆ. ಇವತ್ತು ಕರೆದರೂ ಹೋಗುತ್ತೇನೆ. ನಾಚಿಕೆಯಿಲ್ಲದೆ ಬರೆದಿದ್ದೇನೆ, ಓದಿ ಹರಿದುಹಾಕು.

ಅದಕ್ಕೇ ಹೆಸರಿನ ವಿಷಯ ಕೇಳಿದ್ದು. ನನ್ನಿಂದ ಏನೂ ಮುಚ್ಚಿಡಬೇಡ.

ಸರಳಾ ಮಿಸ್

---

ತುಂಬೆದೊಡ್ಡಿ
10 ಫೆಬ್ರವರಿ 2026

ಮಿಸ್,

ಮುಚ್ಚಿಡಬೇಡ ಅಂದಿದ್ದೀರಿ, ಹೇಳುತ್ತೇನೆ. ಹಾಲೊರತೆಯ ರುಚಿ ನನಗೆ ಗೊತ್ತಿಲ್ಲ. ನಾನು ಅದನ್ನು ಕುಡಿದೇ ಇಲ್ಲ.

ನಾನು ಹೊರಡುವಾಗ ನೀವು ಹೇಳಿದ್ದ ಹಾಗೆ, ಬಂದ ದಿನವೇ ಹುಣಸೆಮರದ ಕೆಳಗೆ ಚಪ್ಪಲಿ ಬಿಟ್ಟು ಹೋದೆ. ಬೊಗಸೆ ಒಡ್ಡುವಷ್ಟರಲ್ಲಿ ಪುಟ್ಟತಾಯಮ್ಮ ಓಡಿಬಂದು ಕೈ ಹಿಡಿದುಕೊಂಡರು. "ಬ್ಯಾಡ ಕನವ್ವ, ನೀನು ಈ ನೀರ ಕುಡೀಬ್ಯಾಡ. ನಿಂಗ ಬ್ಯಾರೆ ತತ್ತೀನಿ" ಅಂದರು. ನಾನು ಯಾಕೆ ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವತ್ತಿನಿಂದ ನನ್ನ ಕೋಣೆಯ ಬಾಗಿಲ ಪಕ್ಕ ಒಂದು ಹೊಸ ಮಡಕೆ ಇದೆ. ಕೆಳಗೆ ಕೊರಕಲಿನಲ್ಲಿ ಇನ್ನೊಂದು ಸಣ್ಣ ಒರತೆಯಿದೆ, ಆ ನೀರು ಅದಕ್ಕೆ. ಊರಿನ ಹೆಂಗಸರು ನನ್ನ ಕಣ್ಣೆದುರೇ ಹಾಲೊರತೆಯಲ್ಲಿ ಕೊಡ ತುಂಬಿಕೊಂಡು ಹೋಗುತ್ತಾರೆ. ನನಗೆ ಮಾತ್ರ ಕೊರಕಲ ನೀರು. ಊಟವೂ ಜಗುಲಿಗೇ ಬರುತ್ತದೆ, ಒಳಮನೆಗೆ ಬಾ ಅಂತ ಯಾರೂ ಕರೆದಿಲ್ಲ.

ಇದನ್ನು ಬರೆಯಬಾರದು ಅಂತಿದ್ದೆ. ನನ್ನ ಹೆಸರು ಕೇಳಿಯೇ ಹೀಗೆ ಮಾಡುತ್ತಾರೆ, ಬೇರೆ ಏನು ಕಾರಣವಿರುತ್ತದೆ ಅಂದುಕೊಂಡೆ. ಚಿಕ್ಕಂದಿನಿಂದ ನಿಮ್ಮ ಅಡುಗೆಮನೆಯಲ್ಲಿ ನಿಮ್ಮದೇ ಲೋಟದಲ್ಲಿ ಕುಡಿದವಳು ನಾನು. ಅದಕ್ಕೇ ಸ್ವಲ್ಪ ಜಾಸ್ತಿ ನೋವಾಯಿತೇನೋ. ಮಿಕ್ಕಂತೆ ಒಳ್ಳೆಯವರು ಮಿಸ್. ಮನೆಯಲ್ಲಿರುವ ಒಳ್ಳೆಯ ಕಂಬಳಿ ನನಗೇ ಕೊಟ್ಟಿದ್ದಾರೆ. ದನದ ಹಲ್ಲು ನೋಡಲು ಹೋದಾಗ ಒಂದು ಹೋರಿ ತಲೆ ಬೀಸಿದರೆ ಲಕ್ಕಣ್ಣನವರು ಕುಂಟುಗಾಲಲ್ಲೇ ಅಡ್ಡ ಬಂದರು. ಹೀಗೆ ಅಡ್ಡ ಬರುವವರು ಒಂದು ಬೊಗಸೆ ನೀರಿಗೆ ಯಾಕೆ ಬೇಡ ಅನ್ನುತ್ತಾರೋ, ಅದೇ ತಿಳಿಯುವುದಿಲ್ಲ.

ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೆಲಸ ಮುಗಿಸಿ ಬರುತ್ತೇನೆ.

ಅಮ್ರೀನ್

---

ಗಂಗಾನಗರ
14 ಫೆಬ್ರವರಿ 2026

ಅಮ್ರೀನ್,

ನಿನ್ನ ಕಾಗದ ಓದಿದಮೇಲೆ ಅನ್ನ ಸೇರಲಿಲ್ಲ.

ನನ್ನ ಕಿವಿಯ ಆಪರೇಷನ್ ಆಗಿ ಮಲಗಿದ್ದಾಗ ಬಾಯಿಗೆ ಚಮಚದಲ್ಲಿ ನೀರು ಬಿಟ್ಟವಳು ಯಾರು? ನನ್ನ ಅಣ್ಣನೋ, ಅತ್ತಿಗೆಯೋ? ನಿನ್ನ ಅಮ್ಮ ಮಲ್ಕಾ. ಅವಳ ಕೈ ನೀರು ನನ್ನ ಗಂಟಲಲ್ಲಿ ಇಳಿಯಿತು, ನಿನ್ನ ಕೈ ತಾಗಿದರೆ ಇವನ ಒರತೆ ಕೆಟ್ಟುಹೋಗುತ್ತದಂತೋ? ಥೂ ಅವನ!

ಇದು ನಮ್ಮ ಮನೆಯ ಪದ್ಧತಿಯೂ ಅಲ್ಲ, ಕೇಳು. ನಮ್ಮಪ್ಪನ ಕಾಲದಲ್ಲಿ ಜಿಯಾವುಲ್ಲಾ ಅಂತ ಒಬ್ಬರು ಕಂಬಳಿ ಕೊಳ್ಳಲು ಬೆಟ್ಟ ಹತ್ತಿ ಬರುತ್ತಿದ್ದರು. ನಮಾಜಿನ ಹೊತ್ತಾದರೆ ಅವ್ವನೇ ಹಾಲೊರತೆಯಿಂದ ತಂಬಿಗೆ ತುಂಬಿಕೊಂಡು ಬಂದು ಅವರ ಕೈಗೆ ಕೊಡುತ್ತಿದ್ದಳು. ಉಳಿದದ್ದನ್ನು ಅವರು ಅಲ್ಲೇ ಕೂತು ಕುಡಿಯುತ್ತಿದ್ದರು. ಆಗ ಇಲ್ಲದ್ದು ಈಗ ಎಲ್ಲಿಂದ ಹುಟ್ಟಿಕೊಂಡಿತು? ನಾನು ಬಿಟ್ಟು ಬಂದ ಮೇಲೆ ಆ ಮನೆ ಹೀಗಾಯಿತೇ?

ಸಾಕಿಬ್ ಮುಂದಿನ ಸಲ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡು. ಕಾಲೇಜಿನ ನಿನ್ನ ಗೈಡಿಗೆ ನಾನು ಹೇಳುತ್ತೇನೆ. ನಾನೇ ಹೋಗಿ ಅವನ ಜುಟ್ಟು ಹಿಡಿಯುತ್ತಿದ್ದೆ, ಏನು ಮಾಡಲಿ, ಆ ನೀರಿನ ಮುಂದೆ ಆಡಿದ ಮಾತು ಕಾಲಿಗೆ ಕಟ್ಟಿಕೊಂಡಿದೆ.

ಅವರ ಪರವಾಗಿ ನಾನು ನಿನ್ನ ಕ್ಷಮೆ ಕೇಳಿದೆ ಅಂತ ತಿಳಿ.

ಸರಳಾ ಮಿಸ್

---

ತುಂಬೆದೊಡ್ಡಿ
20 ಫೆಬ್ರವರಿ 2026

ಮಿಸ್,

ನಾನು ಈಗಲೇ ಬರುವುದಿಲ್ಲ. ಇದನ್ನು ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನು ಅಂದುಕೊಂಡದ್ದು ತಪ್ಪು. ಪೂರ್ತಿ ತಪ್ಪು. ಅವರಿಗೆ ನನ್ನ ಮೇಲೆ ಯಾವ ಭೇದವೂ ಇಲ್ಲ. ಮೊದಲ ದಿನವೇ "ಯಾಕವ್ವ?" ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡು ಊದಿಸಿಕೊಂಡೆ, ನಿಮಗೂ ಅಂಟಿಸಿದೆ.

ರಂಜಾನ್ ಶುರುವಾಯಿತಲ್ಲ. ನಾಳೆಯಿಂದ ಉಪವಾಸ ಅಂತ ಸುಮ್ಮನೆ ಬಾಯಿಮಾತಿಗೆ ಹೇಳಿದ್ದೆ. ನಸುಕಿನಲ್ಲಿ ಸಹರಿ ಊಟಕ್ಕೆ ಎದ್ದರೆ ಪುಟ್ಟತಾಯಮ್ಮ ಆಗಲೇ ಒಲೆ ಹಚ್ಚಿ ರೊಟ್ಟಿ ತಟ್ಟುತ್ತಿದ್ದಾರೆ! "ಬರೀ ಹೊಟ್ಟೇಲಿ ದನದ ಹಿಂದೆ ಸುತ್ತೀಯೇನವ್ವ?" ಅಂತ ಎರಡು ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟರು. ತಿಂದು ಹೊರಗೆ ಕೂತಿದ್ದೆ. ಬೆಳಕಾಗುತ್ತಿರುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಸಲ ಬಾಯಿಬಿಟ್ಟು ಕೇಳಿದೆ, ಲಕ್ಕಣ್ಣನವರು ಎಲ್ಲ ಹೇಳಿದರು. ಹೇಳಿ, "ಇದ ಯಾರ್ಗೂ ಬರೀಬ್ಯಾಡ ಕನವ್ವ, ಬರದ್ರ ಕೆಟ್ಟೋಯ್ತದ" ಅಂದರು. ಮಾತು ಕೊಟ್ಟಿದ್ದೇನೆ.

ನೀವು ಮೊದಲ ಪತ್ರದಲ್ಲೇ ಹೆಸರಿನ ವಿಷಯ ಕೇಳಿದ್ದಿರಿ. ಅದಕ್ಕೂ ಈಗ ಉತ್ತರ ಬರೆಯಲಾರೆ. ದಯವಿಟ್ಟು ತಪ್ಪು ತಿಳಿಯಬೇಡಿ ಮಿಸ್.

ಮೊನ್ನೆ ಒಂದು ಹಸು ಕರು ಹಾಕಿತು, ನಾನೇ ಹಿಡಿದೆಳೆದೆ. ಹೆಸರಿಡು ಅಂದರು. 'ಮಿಸ್ಸು' ಅಂತ ಇಟ್ಟಿದ್ದೇನೆ. ಯಾರ ಮಾತೂ ಕೇಳುವುದಿಲ್ಲ, ಅದಕ್ಕೆ. ಲಕ್ಕಣ್ಣನವರು ತುಂಬ ಹೊತ್ತು ನಕ್ಕರು, ಆಮೇಲೆ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡರು.

ಅಮ್ರೀನ್

---

ಗಂಗಾನಗರ
27 ಫೆಬ್ರವರಿ 2026

ಮಿಸ್,

ಈ ಸಲ ಗಂಗಾನಗರ ಅಂತ ಬರೆಯುತ್ತಿರುವುದು ನಾನು!

ಕಾಗದದಲ್ಲಿ ಬರೆಯಲಾರದ್ದನ್ನು ನಿಮ್ಮ ಎದುರು ಕೂತು ಹೇಗಾದರೂ ತಿಳಿಸೋಣ ಅಂತ ನಿನ್ನೆ ಬಸ್ಸು ಹಿಡಿದು ಬಂದೆ. ಮಾತು ಕೊಟ್ಟಿದ್ದು ಬರೆಯುವುದಿಲ್ಲ ಅಂತ, ಬಾಯಿಬಿಡುವುದಿಲ್ಲ ಅಂತಲೂ ಹೌದು. ಆದರೆ ನೀವು ತುಟಿ ಓದುವವರು, ಮುಖ ಓದಲಾರಿರಾ ಅಂದುಕೊಂಡೆ. ಬಂದು ನೋಡಿದರೆ ನಿಮ್ಮ ಬಾಗಿಲಿಗೆ ಬೀಗ.

ಅಮ್ಮಿ ಹೇಳಿದಳು. ನನ್ನ ಪತ್ರ ಓದಿದಿರಂತೆ. "ನೋಡು ಮಲ್ಕಾ, ನನ್ನ ಹೆಸರು ಎತ್ತೋರಿಲ್ಲ ಅಂತ ಬರೆಯೋಕೆ ಪಾಪ ಈ ಹುಡುಗಿಗೆ ಮನಸ್ಸಾಗಿಲ್ಲ. ನನ್ನ ಮರೀಲಿ, ಪರವಾಗಿಲ್ಲ. ಅವಮಾನ ಮಾಡಿ ಬಾಯಿ ಬೇರೆ ಮುಚ್ಚಿಸಿದಾರೆ ಇವಳ್ನ, ಅದನ್ನ ಬಿಡಲ್ಲ" ಅಂದಿರಂತೆ. ಛತ್ರಿ, ಕೈಚೀಲ ಹಿಡಿದು ಸಾಕಿಬ್ ಭಾಯ್ ಲಾರಿಯ ಮುಂದಿನ ಸೀಟು ಹತ್ತಿ ಕೂತಿರಂತೆ. ಹತ್ತಲು ಪಕ್ಕದ ಅಂಗಡಿಯ ಸ್ಟೂಲ್ ಹಾಕಬೇಕಾಯಿತಂತೆ. ನಾನು ಬೆಟ್ಟ ಇಳಿಯುವಾಗ ನೀವು ಬೆಟ್ಟ ಹತ್ತುತ್ತಿದ್ದಿರಿ. ದಾರಿಯಲ್ಲಿ ಎಲ್ಲೋ ನನ್ನ ಬಸ್ಸೂ ನಿಮ್ಮ ಲಾರಿಯೂ ಒಂದಕ್ಕೊಂದು ಹಾರ್ನ್ ಹೊಡೆದುಕೊಂಡಿರಬೇಕು.

ಸಾಕಿಬ್ ಭಾಯ್ ಇವತ್ತು ಬಂದ, ಬೆಳಗ್ಗೆ ಮತ್ತೆ ಹೊರಡುತ್ತಾನೆ. ಅಲ್ಲಿ ಏನಾಯಿತು ಅಂತ ಕೇಳಿದರೆ, "ಇಳಿಸ್ದೆ" ಅಂದ. ಅಷ್ಟೇ. ಇವನನ್ನು ಏನು ಮಾಡಬೇಕು ಹೇಳಿ!

ಮಿಸ್, ನಿಮ್ಮ ಕಾಲಿಗೆ ಬೀಳುತ್ತೇನೆ. ಬೈಯುವ ಮೊದಲು ಒಳಮನೆಗೆ ಹೋಗಿ, ಅವರ ಕುಡಿಯುವ ನೀರಿನ ಕೊಡದಲ್ಲಿ ಯಾವ ನೀರಿದೆ ಅಂತ ಕೇಳಿ. ಆಮೇಲೆ ಏನು ಬೇಕಾದರೂ ಬೈಯಿರಿ.

ಅಮ್ರೀನ್

---

ತುಂಬೆದೊಡ್ಡಿ
1 ಮಾರ್ಚ್ 2026

ಅಮ್ರೀನ್,

ನಿನ್ನ ಕಾಗದ ನಿನ್ನೆ ಕೈಗೆ ಬಂತು. 'ಬೈಯುವ ಮೊದಲು' ಅಂತೆ! ಬೈದು ಎಷ್ಟೋ ಹೊತ್ತಾಗಿತ್ತು ತಾಯಿ.

ಲಾರಿ ಇಳಿದು ಬಯಲಿನಿಂದ ಏರು ಹತ್ತುವಾಗಲೇ ಎದೆಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಂಗಳದಲ್ಲಿ ಕಾಲಿಟ್ಟವಳೇ ಶುರು ಮಾಡಿದೆ. ಅಣ್ಣ ಜಗುಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಎಷ್ಟು ಮುದುಕನಾಗಿದ್ದಾನೆ ಅಂತ ನೋಡಲೂ ಪುರುಸೊತ್ತಿಲ್ಲ ನನಗೆ. "ಆ ಹುಡುಗಿ ಏನ್ ಕಮ್ಮಿ ಆಗಿದ್ಲು? ನನ್ನ ಮಗಳಿದ್ದಂಗೆ ಅವಳು. ಅವಳ ಬೊಗಸೆ ತಾಗಿದ್ರೆ ನಿನ್ನೊರತೆ ಬತ್ತೋಗ್ತಿತ್ತಾ? ಅವ್ವ ನೋಡಿದ್ರೆ ನಿನ್ನ ಮೊಕಕ್ಕೆ ಉಗೀತಿದ್ಲು!" ಊರು ಸೇರಿತು. ನನಗೆ ಕೇಳಿಸದಿದ್ದರೇನು, ನನ್ನ ಗಂಟಲಿಗೇನೂ ಆಗಿಲ್ಲವಲ್ಲ.

ಅವನು ಹಗ್ಗ ಹೊಸೆಯುತ್ತಲೇ ಇದ್ದ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೇಲೆದ್ದು, ನನಗೆ ತುಟಿ ಕಾಣುವಂತೆ ಎದುರು ಬಂದು ನಿಂತು, "ಬೈದು ಮುಗೀತಾ? ದಣ್ಕೊಂಡು ಬಂದಿದ್ದೀಯ, ನೀರು ಕುಡಿ" ಅಂದ. ಅತ್ತಿಗೆ ಒಳಗಿಂದ ಚೊಂಬು ತಂದಳು. ಒಂದು ಗುಟುಕು ಬಾಯಿಗೆ ಹಾಕಿದೆ. ಸಪ್ಪೆ, ಸ್ವಲ್ಪ ಮಣ್ಣು ವಾಸನೆ. ಕೊರಕಲ ನೀರು! "ನಂಗೂ ಇದೇನಾ?" ಅಂದೆ. ಅಣ್ಣ, "ಈ ಮನೇಲಿ ಎಲ್ಲಾರ್ಗೂ ಇದೇ ಕನಾ. ನೀನು ಓದ ದಿಸದಿಂದ ಇದೇಯ" ಅಂದ.

ಅಮ್ರೀನ್, ನಾನು ಅಲ್ಲೇ ಕೂತುಬಿಟ್ಟೆ.

ನಿನಗೆ ಲಕ್ಕಣ್ಣ ಹೇಳಿದ್ದು ಇದೇ ಅಲ್ಲವೇ? ಮನೆಯ ಹೆಣ್ಣುಮಗಳು ಮುನಿದು ಬಿಟ್ಟುಹೋದ ನೀರನ್ನು ಆ ಮನೆಯವರು ಯಾರೂ ಮುಟ್ಟುವಂತಿಲ್ಲ. ಅವಳೇ ಬಂದು ಕೊಡ ತುಂಬಬೇಕು. ಅವಳನ್ನು ಕರೆಯುವಂತಿಲ್ಲ, ಹೇಳಿಕಳಿಸುವಂತಿಲ್ಲ, ಬೇರೆಯವರ ಬಾಯಲ್ಲಿ ಹೇಳಿಸುವಂತಿಲ್ಲ. ಒರತೆ ಯಾರು ಕರೆದರು ಅಂತ ಬರುತ್ತದೆ? ತಾನಾಗಿ ಬರುತ್ತದೆ. ಹಾಗೆ ಬರಬೇಕು. ಅಜ್ಜಿ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು, ಕಥೆ ಅಂದುಕೊಂಡಿದ್ದೆ. ಇದನ್ನು ಹಿಡಿದು ಯಾರಾದರೂ ಬದುಕುತ್ತಾರೆ ಅಂತ ನನಗೆ ಕನಸಲ್ಲೂ ಹೊಳೆದಿರಲಿಲ್ಲ. ಅವನು ನನ್ನನ್ನು ಕರೆಯಲಿಲ್ಲ ಅಂತ ನಾನು ಇಪ್ಪತ್ತು ವರ್ಷ ಅಲ್ಲಿ ಕೊರಗಿದೆ. ಕರೆದರೆ ಎಲ್ಲಿ ನಾನು ಶಾಶ್ವತವಾಗಿ ತಪ್ಪಿಹೋಗುತ್ತೇನೋ ಅಂತ ಅವನು ಇಲ್ಲಿ ಬಾಯಿ ಕಟ್ಟಿಕೊಂಡು, ಆ ಕುಂಟುಗಾಲಲ್ಲಿ ದಿನಾ ಕೊರಕಲು ಇಳಿದು ಹತ್ತಿದ. ಮನೆಯ ಹಿಂದೆಯೇ ಹಾಲಿನಂಥ ನೀರು ಹರಿಯುತ್ತಿರುವಾಗ!

ಅವತ್ತು ಸಹರಿ ಮುಗಿಸಿ ಕೂತಾಗ ನೀನು ಕಂಡದ್ದೂ ಅದೇ, ಅತ್ತಿಗೆ ಹೇಳಿದಳು. ಇಬ್ಬರೂ ಕೊಡ ಹೊತ್ತು ಹತ್ತಿ ಬಂದು ಒಳಮನೆಯ ಕೊಡಕ್ಕೂ ನಿನ್ನ ಮಡಕೆಗೂ ಒಂದೇ ನೀರು ಸುರಿದರಂತೆ. ಮನೆಗೆ ಬಂದ ನೆಂಟರಿಗೂ ಮನೆಯದೇ ನೀರು, ಅದಕ್ಕೇ ಮೊದಲ ದಿನ ನಿನ್ನ ಕೈ ಹಿಡಿದದ್ದು. ಒಳಮನೆಗೆ ಕರೆಯದಿದ್ದದ್ದು ಅಲ್ಲಿ ದೇವರ ಗೂಡಿದೆ ಅಂತ. ಊರಿನ ಯಾವ ನೆಂಟರನ್ನೂ ಕರೆಯುವುದಿಲ್ಲ.

ಇನ್ನೊಂದು ಕೇಳು, ನಗುತ್ತೀಯ. ನೀನು ನನ್ನ ಕಡೆಯವಳು ಅಂತ ಅಣ್ಣನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. "ಪ್ಯಾಟೆ ಹುಡುಗಿ, ಯಾರೂ ಯೋಳ್ದೇ ಹುಣಸೆಮರದ ತಾವ ಮೆಟ್ಟು ಬುಟ್ಟು ಒರತೆ ತಕ ಓಯ್ತು. ಅದ ಕಲ್ಸಾಕೆ ಬೆಂಗ್ಳೂರಲ್ಲಿ ನೀನಲ್ದೆ ಇನ್ಯಾರವ್ರೆ?" ಅಂದ. ನನ್ನ ಹೆಸರು ಎತ್ತುತ್ತಾರಾ ಅಂತ ನಿನ್ನನ್ನು ಕೇಳಿದ್ದೆನಲ್ಲ. ಎತ್ತುತ್ತಿರಲಿಲ್ಲವಂತೆ. ಎತ್ತಿದರೆ ಕರೆದಂತಾಗುತ್ತದೆ ಅಂತ.

ನಾನು ಅತ್ತೆ ಅಮ್ರೀನ್. ಎಲ್ಲರೆದುರು, ಮೂಗು ಸೋರುವ ಹಾಗೆ ಅತ್ತೆ. ಅಣ್ಣನೂ ಅತ್ತ. ಅತ್ತಿಗೆ ಮಾತ್ರ ನಗುತ್ತಾ, "ಊರಿಗೆ ಬಂದೋಳು ನೀರಿಗೆ ಬರದೇ ಇದ್ದಾಳಾ? ಏಳವ್ವ" ಅಂತ ಕೊಡ ತಂದು ನನ್ನ ಸೊಂಟಕ್ಕೆ ಇಟ್ಟಳು. ಮಾತು ಮುರಿದೆನೋ ಇಲ್ಲವೋ ಯೋಚಿಸಲಿಲ್ಲ. ಯಾರೂ ಕರೆಯಲಿಲ್ಲ, ಜಗಳ ಆಡಲು ನಾನಾಗಿ ಬಂದವಳು. ಹುಣಸೆಮರದ ಕೆಳಗೆ ಚಪ್ಪಲಿ ಬಿಟ್ಟು ಹೋಗಿ ತುಂಬಿದೆ. ಹೊತ್ತು ತರುವಷ್ಟರಲ್ಲಿ ಅರ್ಧ ನೀರು ಸೀರೆಗಾಯಿತು.

ಈಗ ನಿನ್ನ ಕೆಲಸ. ಹೀಗೆ ತುಂಬಿದ ಕೊಡದ ಮೊದಲ ಲೋಟ ಮನೆಯವರು ಕುಡಿಯುವಂತಿಲ್ಲ, ನೆಂಟರು ಕುಡಿದು 'ಕುಡಿದೆ' ಅಂತ ಬಾಯಿಬಿಟ್ಟು ಹೇಳಬೇಕು. ಪಕ್ಕದ ಮನೆಗೆ ಬಂದಿದ್ದ ನೆಂಟರೊಬ್ಬರು ನಾನು ಕುಡಿಯುತ್ತೇನೆ ಅಂದರು. ಅಣ್ಣ ಒಪ್ಪಲಿಲ್ಲ. "ಬ್ಯಾಡ. ಆ ಮಗ ನಮ್ಮನೇಲಿ ಕೂತು ನೀರಿನ ಜೊತ್ಗೆ ನೋವ್ನೂ ನುಂಗ್ತು. ಅದೇ ಕುಡೀಬೇಕು" ಅಂದ. ಅದಕ್ಕೇ ಸಾಕಿಬ್ ಕೈಲಿ ಬಾಟಲಿ ಕಳಿಸಿದ್ದೇನೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿಟ್ಟಿದ್ದೇವೆ. ನಿನ್ನ ಕಾಗದ ಬರುವ ತನಕ ಈ ಮನೆಗೆ ಕೊರಕಲ ನೀರೇ. ಅತ್ತಿಗೆಯ ಜೊತೆ ಈಗ ನಾನೂ ಇಳಿಯುತ್ತೇನೆ, ಮಂಡಿ ಕಿರುಗುಟ್ಟುತ್ತದೆ. ಬೇಗ ಬರಿ ಮಾರಾಯ್ತಿ.

ನಿನ್ನ
ಸರಳಾ ಮಿಸ್

ಆ ಕರುವಿಗೆ ನನ್ನ ಹೆಸರಿಟ್ಟಿದ್ದಕ್ಕೆ ಬಂದಮೇಲೆ ವಿಚಾರಿಸಿಕೊಳ್ಳುತ್ತೇನೆ. ನನ್ನ ಸೆರಗು ತಿಂದುಹಾಕಿದೆ.

---

ಗಂಗಾನಗರ
4 ಮಾರ್ಚ್ 2026

ಮಿಸ್‌ಗೆ, ಲಕ್ಕಣ್ಣನವರಿಗೆ, ಪುಟ್ಟತಾಯಮ್ಮನವರಿಗೆ ಸಲಾಮುಗಳು.

ಬಾಟಲಿ ಮೊನ್ನೆ ಸಂಜೆಯೇ ಬಂತು. ಸಾಕಿಬ್ ಭಾಯ್ ಅದನ್ನು ಹುಣಸೆಹಣ್ಣಿನ ಮೂಟೆಗಳ ಮೇಲಿಡದೆ, ತನ್ನ ಪಕ್ಕದ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟಿಕೊಂಡು ಬಂದಿದ್ದ. "ಮಿಸ್ ಹೇಳಿದ್ರು" ಅಂದ. ಅವನ ಲೆಕ್ಕದಲ್ಲಿ ಅದು ಭಾಷಣ.

ಉಪವಾಸ ಬಿಡುವ ಹೊತ್ತಿನ ಮಗ್ರಿಬ್ ಅಜಾನ್ ಕೇಳಿಸುವ ತನಕ ಅದನ್ನು ನನ್ನ ಮುಂದೆ ಇಟ್ಟುಕೊಂಡು ಕೂತಿದ್ದೆ. ಅಮ್ಮಿ ಖರ್ಜೂರ ಕೊಟ್ಟಳು. "ಮೊದ್ಲು ನೀನ್ ಕುಡಿ, ಆಮೇಲೆ ನಮ್ಗೂ ಕೊಡು" ಅಂದಳು. ಖರ್ಜೂರ ತಿಂದು, ನಿಮ್ಮ ಅಡುಗೆಮನೆಯಿಂದ ತಂದಿಟ್ಟುಕೊಂಡಿದ್ದ ನಿಮ್ಮದೇ ಲೋಟಕ್ಕೆ ಸುರಿದುಕೊಂಡೆ. ಬೀಗದ ಕೈ ಅಮ್ಮಿಯ ಹತ್ತಿರ ಇತ್ತಲ್ಲ.

ರುಚಿ ಬರಿ ಅಂದಿದ್ದಿರಿ. ಹಲ್ಲಿಗೆ ತಣ್ಣಗೆ ತಾಗಿತು, ಇಷ್ಟು ದೂರ ಬಂದರೂ. ಗಂಟಲಲ್ಲಿ ಇಳಿಯುವಾಗ ಏನೂ ಅನ್ನಿಸಲಿಲ್ಲ. ಇಳಿದಮೇಲೆ ನಾಲಿಗೆಯ ಹಿಂದೆ ಒಂದು ಸಿಹಿ ಬಂತು, ಇನ್ನೊಂದು ಗುಟುಕು ಕುಡಿದರೆ ಹೋಗಿಬಿಡುತ್ತದೇನೋ ಅಂತ ಸುಮ್ಮನೆ ಕೂತೆ. ಹೋಗಲಿಲ್ಲ. ಸ್ವಲ್ಪ ಲಾರಿಯ ವಾಸನೆಯೂ ಇತ್ತು, ಸುಳ್ಳು ಹೇಳಲಾರೆ. ಇದಕ್ಕೆ ಎಷ್ಟು ಅಂಕ ಕೊಡುತ್ತೀರೋ ಕೊಡಿ.

ನಿನ್ನೆಯೇ ಬರೆದಿಟ್ಟು ಕಳಿಸೋಣ ಅಂದರೆ ಲಾರಿ ಇವತ್ತು ಹೊರಡುವುದು. ನೀವು ಇನ್ನೂ ಕೊರಕಲು ಇಳಿಯುತ್ತಿದ್ದೀರಲ್ಲ ಅಂತ ನನಗೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಈ ಕಾಗದವನ್ನು ದೊಡ್ಡಿಯ ಅಂಗಳದಲ್ಲಿ ನಿಂತು, ಲಕ್ಕಣ್ಣನವರಿಗೆ ಕೇಳಿಸುವ ಹಾಗೆ ಜೋರಾಗಿ ಓದಿ ಮಿಸ್. ಮುಂದಿನ ಸಾಲು ನಾನು ಅವರಿಗೆ ಹೇಳುತ್ತಿರುವುದು.

ಕುಡಿದೆ ಕನಣ್ಣ. ಕೊಡದ ಬಟ್ಟೆ ಬಿಚ್ಚಿ. ಈಗ ನೀವೂ ಕುಡೀರಿ.

ಅಮ್ರೀನ್